ಚೀಟಿಯಿಲ್ಲದ ನೋವುನಿವಾರಕಗಳು

ಚೀಟಿಯಿಲ್ಲದ ನೋವುನಿವಾರಕಗಳೆಂದರೆ ವೈದ್ಯರ ಚೀಟಿ ತೋರಿಸದೆ ಅಂಗಡಿಯಲ್ಲಿ ಕೊಂಡು, ತಲೆನೋವು, ಮೈಕೈನೋವು, ಹಲ್ಲುನೋವು, ಮುಟ್ಟಿನ ನೋವು, ಜ್ವರ ಮೊದಲಾದ ಅಲ್ಪಕಾಲದ ಬಾಧೆಗಳಿಗೆ ಜನ ತಾವಾಗಿಯೇ ಬಳಸುವ ಔಷಧಿಗಳು. ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳೂ ಮೇಲೆ ಹಚ್ಚುವ ಬಾಮು, ತೈಲ, ಜೆಲ್‌ಗಳೂ ಈ ಗುಂಪಿನವು. ಇವು ನೋವನ್ನು ತಗ್ಗಿಸುತ್ತವೆ. ನೋವಿನ ಮೂಲ ಕಾರಣವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ.

ಈ ಲೇಖನದಲ್ಲಿ ‘ಡೋಸು’ ಎಂದರೆ ಒಮ್ಮೆಗೆ ನುಂಗುವ ಪ್ರಮಾಣ. ‘ಅಂತರ’ ಎಂದರೆ ಎರಡು ಡೋಸುಗಳ ನಡುವೆ ಬಿಡಬೇಕಾದ ಅವಧಿ; ಎರಡು ಸಂಖ್ಯೆ ಕೊಟ್ಟಲ್ಲಿ ಮೊದಲನೆಯದು ಇರಲೇಬೇಕಾದ ಕನಿಷ್ಠ. ‘ದಿನದ ಮಿತಿ’ ಎಂದರೆ ಯಾವುದೇ 24 ಗಂಟೆಗಳಲ್ಲಿ ಮೀರಬಾರದ ಒಟ್ಟು ಪ್ರಮಾಣ. ಇದನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುವುದಲ್ಲ. ರಾತ್ರಿ ಹತ್ತಕ್ಕೆ ನುಂಗಿದ್ದು ಮರುದಿನ ರಾತ್ರಿ ಹತ್ತರವರೆಗೂ ಲೆಕ್ಕದಲ್ಲಿರುತ್ತದೆ. ಮಕ್ಕಳ ಭಾಗವನ್ನು ಬಿಟ್ಟು, ಇಲ್ಲಿ ಕೊಟ್ಟಿರುವ ಪ್ರಮಾಣಗಳು ಬೇರೆ ಕಾಯಿಲೆಯಿಲ್ಲದ ವಯಸ್ಕರಿಗೆ ಅನ್ವಯಿಸುವಂಥವು.

ಹಿನ್ನೆಲೆ

ನೀರವಂಜಿ ಜಾತಿಯ ಮರಗಳ ತೊಗಟೆಯಿಂದ ನೋವು ಇಳಿಸುವ ರೂಢಿ ಯುರೋಪಿನಲ್ಲಿ ಹಳೆಯದು. ಅದರ ಸಾರಕ್ಕೆ ಸಂಬಂಧಿಸಿದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಶುದ್ಧ ರೂಪದಲ್ಲಿ ತಯಾರಿಸಿದ. 1899ರಲ್ಲಿ ಅದು ಆಸ್ಪಿರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಪ್ಯಾರಾಸಿಟಮಾಲ್ ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಪ್ರಯೋಗಶಾಲೆಯಲ್ಲಿ ತಯಾರಾಗಿದ್ದರೂ ಸುಮಾರು ಎಪ್ಪತ್ತು ವರ್ಷ ಮೂಲೆಯಲ್ಲಿತ್ತು. ಅಷ್ಟರಲ್ಲಿ ಅದರ ಸಮೀಪದ ಬಂಧು ಫಿನಾಸಿಟಿನ್ ಜಗತ್ತಿನೆಲ್ಲೆಡೆ ತಲೆನೋವಿನ ಪುಡಿಯಾಗಿ ಹರಡಿ, ದೀರ್ಘಕಾಲ ಬಳಸಿದವರ ಮೂತ್ರಪಿಂಡಗಳನ್ನು ಕೆಡಿಸಿ, ಕೊನೆಗೆ ಮಾರುಕಟ್ಟೆಯಿಂದ ಹೊರಬಿತ್ತು. ಐಬುಪ್ರೊಫೆನ್ ಅನ್ನು ಬ್ರಿಟನ್ನಿನ ಬೂಟ್ಸ್ ಕಂಪನಿಯ ಸ್ಟ್ಯುವರ್ಟ್ ಆಡಮ್ಸ್ ತಂಡ ರೂಪಿಸಿತು. 1969ರಲ್ಲಿ ಚೀಟಿಯ ಔಷಧಿಯಾಗಿ ಆರಂಭವಾದ ಅದು ಬ್ರಿಟನ್ನಿನಲ್ಲಿ 1983ರಲ್ಲಿ ಚೀಟಿಯಿಂದ ಮುಕ್ತವಾಯಿತು.

ಭಾರತದಲ್ಲಿ ಮಾತ್ರೆಗಳಿಗಿಂತ ಮೊದಲು ಮನೆಮಾತಾದದ್ದು ಬಾಮು. ಕಾಶಿನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ಇದಕ್ಕೆ ಪ್ರಸಿದ್ಧ ನಿದರ್ಶನ.

ಬೇಗಂ ಬಜಾರ್ ಮತ್ತು ಅದರ ಸುತ್ತಮುತ್ತ

ಇಂಥ ಔಷಧಿಗಳ ನಿತ್ಯಬಳಕೆಯನ್ನು ಕಾಣಬಹುದಾದ ಜಾಗಗಳಲ್ಲೊಂದು ಹೈದರಾಬಾದಿನ ಬೇಗಂ ಬಜಾರ್, ಮೂಸಿ ನದಿಯ ಉತ್ತರಕ್ಕಿರುವ ಸಗಟು ಪೇಟೆ. ಎರಡನೆಯ ಆಸಫ್ ಜಾ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಇದು ಬೆಳೆಯಿತೆಂದು ಹೇಳಲಾಗುತ್ತದೆ. ಮಸಾಲೆ, ಒಣಹಣ್ಣು, ಪಾತ್ರೆ, ಪೂಜಾಸಾಮಗ್ರಿಗಳು ಇಲ್ಲಿಯ ಮುಖ್ಯ ವ್ಯಾಪಾರ. ಓಮ, ಶುಂಠಿ, ಲವಂಗ, ಕರ್ಪೂರಗಳು ಅಡಿಗೆಮನೆ ಮತ್ತು ದೇವರಮನೆಗೆ ಹೋಗುವಂತೆ ಮನೆಮದ್ದಿನ ಡಬ್ಬಿಗೂ ಹೋಗುತ್ತವೆ. ಮೂಟೆ ಹೊರುವ ಹಮಾಲರು ಮತ್ತು ದಿನವಿಡೀ ನಿಂತು ತೂಗುವ ಗುಮಾಸ್ತರು ದುಡಿಯುವ ಪೇಟೆಯಲ್ಲಿ ಸೊಂಟನೋವು, ಮಂಡಿನೋವುಗಳು ವೃತ್ತಿಯ ಜೊತೆಗೇ ಬರುತ್ತವೆ. ದಖನಿ ಮಾತಿನಲ್ಲಿ ‘ದರ್ದ್ ಕೀ ಗೋಲಿ’ ಎಂದರೆ ಯಾವ ಬ್ರಾಂಡನ್ನೂ ಹೆಸರಿಸದೆ ಕೇಳಬಹುದಾದ ಸರಕು. ಈ ಕೇಳುವ ರೀತಿಯಲ್ಲೇ ಒಂದು ತೊಡಕಿದೆ: ಕೈಗೆ ಬಂದ ಮಾತ್ರೆ ಪ್ಯಾರಾಸಿಟಮಾಲೋ ಡೈಕ್ಲೊಫಿನ್ಯಾಕೋ ಎಂಬುದು ನುಂಗುವವರಿಗೆ ತಿಳಿಯದಿದ್ದರೆ ಅಂತರವನ್ನೂ ದಿನದ ಮಿತಿಯನ್ನೂ ಪಾಲಿಸುವ ಬಗೆಯಿಲ್ಲ.

ಪೇಟೆಗೆ ಹೊಂದಿಕೊಂಡಿರುವ ಅಫ್ಜಲ್‌ಗಂಜ್‌ನಲ್ಲಿ 1866ರಲ್ಲಿ ಸಾಲಾರ್ ಜಂಗ್ ಕಾಲದಲ್ಲಿ ಆಸ್ಪತ್ರೆ ಆರಂಭವಾಯಿತು. 1908ರ ಮೂಸಿ ಪ್ರವಾಹದ ನಂತರ ಅದರ ಉತ್ತರಾಧಿಕಾರಿಯಾಗಿ ಎದ್ದದ್ದು ಉಸ್ಮಾನಿಯಾ ಆಸ್ಪತ್ರೆ. ನೋವು ತಗ್ಗಿಸುವ ದ್ರವ್ಯಗಳ ಸುರಕ್ಷತೆಯ ಇತಿಹಾಸದಲ್ಲಿ ಈ ಹಳೆಯ ಆಸ್ಪತ್ರೆಗೆ ಜಾಗತಿಕ ಸ್ಥಾನವಿದೆ. ಇಲ್ಲಿಯ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರಂ ಕೊಟ್ಟಾಗ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ; ಉಸಿರನ್ನು ಗಮನಿಸುತ್ತಿದ್ದರೆ ಅಪಾಯವಿಲ್ಲ ಎಂದು ವಾದಿಸಿದ. ಅದನ್ನು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರಂ ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹಣ ಒದಗಿಸಿದ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಸೂಚಿಸಿದ ಲಾಡರ್ ಬ್ರಂಟನ್ ಬಂದು ನೂರಾರು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಭಾಗಿಯಾದ. ಮುಂದೆ ಅರಿವಳಿಕೆ ತಜ್ಞೆಯಾಗಿ ಹೆಸರಾದ ರೂಪಾಬಾಯಿ ಫರ್ದೂನ್‌ಜಿಯೂ ಈ ಕೆಲಸದಲ್ಲಿದ್ದರು. ಆಯೋಗದ ತೀರ್ಪು ಲಾರಿಯ ಪರವಾಗಿ ಬಂತು. ಅದು ನಿಲ್ಲಲಿಲ್ಲ, ಕ್ಲೋರೋಫಾರಂ ಹೃದಯದ ಬಡಿತವನ್ನೇ ನೇರವಾಗಿ ಕೆಡಿಸಬಲ್ಲದೆಂದು 1911ರ ಹೊತ್ತಿಗೆ ಎ. ಜಿ. ಲೆವಿ ತೋರಿಸಿಕೊಟ್ಟ. ಕ್ಲೋರೋಫಾರಂ ಅರಿವಳಿಕೆಯೇ ಹೊರತು ನೋವುನಿವಾರಕ ಮಾತ್ರೆಯಲ್ಲ. ಆದರೂ ಬಳಕೆಯಲ್ಲಿರುವ ಔಷಧಿಯನ್ನು ಅಳತೆ ಹಿಡಿದು ಮತ್ತೆ ಪರೀಕ್ಷಿಸುವ ಪದ್ಧತಿ ಭಾರತದಲ್ಲಿ ಇಷ್ಟು ದೊಡ್ಡದಾಗಿ ನಡೆದ ಆರಂಭದ ಪ್ರಸಂಗಗಳಲ್ಲಿ ಇದೊಂದು.

ಹೈದರಾಬಾದಿನದೇ ಆದ ಚೀಟಿಯಿಲ್ಲದ ಔಷಧಿ ಜಿಂದಾ ತಿಲಿಸ್ಮಾತ್. ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ 1920ರಲ್ಲಿ ಆರಂಭಿಸಿದ ಈ ಯುನಾನಿ ದ್ರವ ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್, ಓಮದ ಹೂವುಗಳ ಮಿಶ್ರಣ. ಡಬ್ಬಿಯ ಮೇಲಿನ ಸಿದ್ದಿ ಯೋಧನ ಚಿತ್ರ ನಿಜಾಮರ ಆಫ್ರಿಕನ್ ಮೂಲದ ಕಾವಲುಪಡೆಯನ್ನು ನೆನಪಿಸುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರುಗಳಲ್ಲೂ ನೆಗಡಿ, ತಲೆನೋವಿಗೆ ಇದು ಪರಿಚಿತ ಸೀಸೆ.

ಕೆಲಸ ಮಾಡುವ ಬಗೆ

ದೇಹದ ಅಂಗಾಂಶಕ್ಕೆ ಪೆಟ್ಟು ಬಿದ್ದಾಗ ಅಥವಾ ಉರಿಯೂತವಾದಾಗ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ನರತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಮೊದಲಾದವು ಅವುಗಳ ತಯಾರಿಕೆಯನ್ನೇ ತಡೆಯುತ್ತವೆ. ಆಸ್ಪಿರಿನ್ನಿನ ವಿಷಯದಲ್ಲಿ ಇದನ್ನು 1971ರಲ್ಲಿ ಜಾನ್ ವೇನ್ ತೋರಿಸಿದ. 1982ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿ ಬಂತು. ಈ ಔಷಧಿಗಳ ಗುಂಪನ್ನು ಮುಂದೆ ‘ಉರಿಯೂತ ನಿವಾರಕಗಳು’ ಎಂದು ಕರೆಯಲಾಗಿದೆ. ಅದೇ ಪ್ರೊಸ್ಟಗ್ಲ್ಯಾಂಡಿನ್‌ಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಪಾಡುತ್ತವೆ. ಆದ್ದರಿಂದ ಈ ಮಾತ್ರೆಗಳ ಗುಣವೂ ದೋಷವೂ ಒಂದೇ ಬೇರಿನವು. ಪ್ಯಾರಾಸಿಟಮಾಲ್ ಮುಖ್ಯವಾಗಿ ಮಿದುಳು ಮತ್ತು ನರವ್ಯೂಹದ ಮಟ್ಟದಲ್ಲಿ ಕೆಲಸಮಾಡುತ್ತದೆ. ಜ್ವರ ಇಳಿಸುತ್ತದೆ, ಊತವನ್ನು ಅಷ್ಟಾಗಿ ಇಳಿಸುವುದಿಲ್ಲ, ಹೊಟ್ಟೆಗೆ ಸೌಮ್ಯ. ಅದರ ಅಪಾಯ ಯಕೃತ್ತಿನಲ್ಲಿದೆ.

ಬಗೆಗಳು

ಪ್ಯಾರಾಸಿಟಮಾಲ್ 500 ಮತ್ತು 650 ಮಿಲಿಗ್ರಾಂ ಮಾತ್ರೆಗಳಾಗಿ, ಮಕ್ಕಳಿಗೆ ಸಿರಪ್ಪು ಹಾಗೂ ಹನಿಗಳಾಗಿ ದೊರೆಯುತ್ತದೆ. ವಯಸ್ಕರ ಡೋಸು 500ರಿಂದ 1000 ಮಿ.ಗ್ರಾಂ., ಅಂತರ 4ರಿಂದ 6 ಗಂಟೆ, ದಿನದ ಮಿತಿ 4 ಗ್ರಾಂ. ತೂಕ 50 ಕಿಲೋಗಿಂತ ಕಡಿಮೆ ಇರುವವರು, ದಿನವೂ ಮದ್ಯ ಸೇವಿಸುವವರು, ಯಕೃತ್ತಿನ ಕಾಯಿಲೆಯವರು ಮತ್ತು ಊಟವಿಲ್ಲದೆ ಸೊರಗಿದವರಿಗೆ ಈ ಮಿತಿ ಹೆಚ್ಚಾಯಿತು. ಅವರು ವೈದ್ಯರಿಂದ ಕಡಿಮೆ ಮಿತಿಯನ್ನು ಕೇಳಿ ತಿಳಿಯಬೇಕು. 650ರ ಮಾತ್ರೆಯನ್ನು ಆರು ಗಂಟೆಗೊಮ್ಮೆ ಒಂದರಂತೆ ತೆಗೆದುಕೊಂಡರೆ ದಿನಕ್ಕೆ 2600 ಮಿ.ಗ್ರಾಂ. ಆಗುತ್ತದೆ. ಅದನ್ನೇ ಎರಡೆರಡರಂತೆ ನುಂಗಿದರೆ ಒಂದೇ ಡೋಸು 1300ಕ್ಕೆ ಏರಿ, ನಾಲ್ಕನೆಯ ಸರದಿಗೆ ದಿನದ ಮಿತಿ ದಾಟಿಹೋಗಿರುತ್ತದೆ.

ಐಬುಪ್ರೊಫೆನ್ ಡೋಸು 200ರಿಂದ 400 ಮಿ.ಗ್ರಾಂ., ಅಂತರ 6ರಿಂದ 8 ಗಂಟೆ. ವೈದ್ಯರ ಸಲಹೆಯಿಲ್ಲದೆ ದಿನದ ಮಿತಿ 1200 ಮಿ.ಗ್ರಾಂ. ಹಲ್ಲುನೋವು, ಉಳುಕು, ಮುಟ್ಟಿನ ನೋವುಗಳಲ್ಲಿ ಇದು ಹೆಚ್ಚು ಉಪಯುಕ್ತ. ಆಸ್ಪಿರಿನ್ ಡೋಸು 300ರಿಂದ 600 ಮಿ.ಗ್ರಾಂ., ಅಂತರ 4ರಿಂದ 6 ಗಂಟೆ. ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಅಂಟುಗುಣವನ್ನು ಅವುಗಳ ಆಯುಷ್ಯವಿಡೀ ತಗ್ಗಿಸುವುದರಿಂದ ಒಂದು ಡೋಸಿನ ಪರಿಣಾಮ ವಾರದಷ್ಟು ಕಾಲ ಉಳಿಯುತ್ತದೆ. ಹಲ್ಲು ಕೀಳಿಸುವ ಅಥವಾ ಶಸ್ತ್ರಚಿಕಿತ್ಸೆಯ ಮೊದಲು ಇದನ್ನು ವೈದ್ಯರಿಗೆ ಹೇಳಬೇಕಾದುದು ಆ ಕಾರಣಕ್ಕೆ.

ಬೆರಕೆ ಮಾತ್ರೆಗಳು ಭಾರತದ ಮಾರುಕಟ್ಟೆಯ ವಿಶೇಷ. ಕಾಂಬಿಫ್ಲಾಮ್ ಮಾತ್ರೆಯಲ್ಲಿ ಐಬುಪ್ರೊಫೆನ್ 400 ಮತ್ತು ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಇವೆ. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಸೇರಿವೆ. ನೆಗಡಿಯ ಮಾತ್ರೆಗಳಲ್ಲಿ ಬಹುಪಾಲು ಪ್ಯಾರಾಸಿಟಮಾಲ್ ಅಡಗಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈನೋವಿಗೊಂದು ಎಂದು ಮೂರು ಹೆಸರಿನ ಮಾತ್ರೆ ನುಂಗಿದವರು ಒಂದೇ ಔಷಧಿಯನ್ನು ಮೂರು ಸಲ ನುಂಗಿರಬಹುದು. ತಿಳಿಯದೆ ಆಗುವ ಮಿತಿಮೀರುವಿಕೆಗೆ ಇದು ಎಲ್ಲಕ್ಕಿಂತ ಸಾಮಾನ್ಯ ದಾರಿಗಳಲ್ಲೊಂದು.

ಬಾಮು ಮತ್ತು ತೈಲಗಳಲ್ಲಿರುವ ಮೆಂಥಾಲ್, ಕರ್ಪೂರಗಳು ಚರ್ಮದಲ್ಲಿ ತಂಪು ಇಲ್ಲವೇ ಬಿಸಿಯ ಅನುಭವ ಹುಟ್ಟಿಸಿ ಒಳಗಿನ ನೋವಿನಿಂದ ಗಮನ ಸರಿಸುತ್ತವೆ. ಡೈಕ್ಲೊಫಿನ್ಯಾಕ್ ಜೆಲ್ ಕೀಲಿನ ಸಮೀಪಕ್ಕೆ ಔಷಧಿಯನ್ನೇ ಇಳಿಸುತ್ತದೆ. ರಕ್ತಕ್ಕೆ ಸೇರುವ ಪಾಲು ಮಾತ್ರೆಗಿಂತ ಬಹಳ ಕಡಿಮೆ. ಗಾಯ, ಕಣ್ಣು, ಮೂಗಿನ ಒಳಭಾಗಕ್ಕೆ ಇವು ಸಲ್ಲವು. ಹಚ್ಚಿದ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟುವುದೂ ಬಿಸಿನೀರಿನ ಚೀಲ ಇಡುವುದೂ ಚರ್ಮ ಸುಡಲು ಕಾರಣವಾಗಬಹುದು. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಎಳೆಮಕ್ಕಳ ಹೊಟ್ಟೆಗೆ ಹೋದರೆ ಸೆಳವು ಬರಬಹುದಾದ್ದರಿಂದ ಅವುಗಳ ಸೀಸೆ ಮಕ್ಕಳ ಕೈಗೆ ಎಟುಕಬಾರದು.

ಸೇವನೆಯ ಕಾಲ

ಪ್ಯಾರಾಸಿಟಮಾಲ್ ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ತೋರುತ್ತದೆ. ಖಾಲಿ ಹೊಟ್ಟೆಯಲ್ಲಿ ಬೇಗ ಹೀರಲ್ಪಡುತ್ತದೆ, ಭರ್ತಿ ಊಟದ ನಂತರ ತುಸು ತಡ. ಎರಡೂ ರೀತಿ ತೆಗೆದುಕೊಳ್ಳಬಹುದು. ಇಪ್ಪತ್ತು ನಿಮಿಷದಲ್ಲಿ ನೋವು ಇಳಿಯಲಿಲ್ಲವೆಂದು ಇನ್ನೊಂದು ನುಂಗುವುದು ಸಾಮಾನ್ಯ ತಪ್ಪು: ಮೊದಲನೆಯದು ಇನ್ನೂ ರಕ್ತಕ್ಕೆ ಏರುತ್ತಿರುತ್ತದೆ. ಉರಿಯೂತ ನಿವಾರಕಗಳನ್ನು ಊಟ ಅಥವಾ ಉಪಾಹಾರದ ಜೊತೆ ಇಲ್ಲವೇ ನಂತರ, ಲೋಟ ತುಂಬ ನೀರಿನೊಂದಿಗೆ ನುಂಗುವುದು ರೂಢಿ. ನುಂಗಿದ ಕೂಡಲೆ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗಬಹುದು. ಆದರೆ ಊಟವು ಜಠರದ ತಕ್ಷಣದ ಉರಿಯನ್ನಷ್ಟೇ ತಗ್ಗಿಸುತ್ತದೆ. ಹುಣ್ಣು ಮತ್ತು ರಕ್ತಸ್ರಾವ ಔಷಧಿ ರಕ್ತಕ್ಕೆ ಸೇರಿದ ಮೇಲೂ ಆಗುವಂಥವು. ‘ತಿಂದು ನುಂಗಿದ್ದೇನೆ’ ಎಂಬುದು ಪೂರ್ತಿ ರಕ್ಷಣೆಯಲ್ಲ.

ನೋವಿನ ಬಗೆಗೆ ತಕ್ಕಂತೆ ಹೊತ್ತೂ ಬದಲಾಗುತ್ತದೆ. ಅರೆತಲೆನೋವಿನಲ್ಲಿ ಜಠರದ ಚಲನೆ ಮಂದವಾಗುವುದರಿಂದ ಮಾತ್ರೆ ತಡವಾಗಿ ಹೀರಲ್ಪಡುತ್ತದೆ. ಆದ್ದರಿಂದ ಆರಂಭದ ಸೂಚನೆಯಲ್ಲೇ ನುಂಗಿದರೆ ಗುಣ ಹೆಚ್ಚು. ಮುಟ್ಟಿನ ನೋವಿಗೆ ಐಬುಪ್ರೊಫೆನ್ ಅನ್ನು ಸ್ರಾವ ಅಥವಾ ನೋವು ತೊಡಗಿದ ಕೂಡಲೆ ಆರಂಭಿಸುವುದು ಮೇಲು. ಪ್ರೊಸ್ಟಗ್ಲ್ಯಾಂಡಿನ್ ಹುಟ್ಟಿ ತುಂಬಿದ ಮೇಲೆ ತಡೆದರೆ ಪ್ರಯೋಜನ ಕಡಿಮೆ. ಕರುಳಿನಲ್ಲಿ ಕರಗುವ ಲೇಪವಿರುವ ಮಾತ್ರೆಗಳು ಗಂಟೆಗಟ್ಟಲೆ ತಡವಾಗಿ ಕೆಲಸಮಾಡುತ್ತವೆ. ಹಠಾತ್ ನೋವಿಗೆ ಅವು ತಕ್ಕುವಲ್ಲ, ಅವನ್ನು ಪುಡಿಮಾಡಲೂ ಬಾರದು. ನೀರಿನಲ್ಲಿ ನೊರೆಯುಕ್ಕಿ ಕರಗುವವು ಬೇಗ ತಾಗುತ್ತವೆ. ಆದರೆ ಅವುಗಳಲ್ಲಿ ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡದವರಿಗೆ ಒಗ್ಗವು.

ಹೃದಯಕ್ಕೆಂದು ದಿನವೂ 75 ಮಿ.ಗ್ರಾಂ. ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಐಬುಪ್ರೊಫೆನ್ ಅದರ ಜಾಗವನ್ನು ಮೊದಲೇ ಹಿಡಿದು ರಕ್ಷಣೆಯನ್ನು ಕುಗ್ಗಿಸಬಹುದು. ಲೇಪವಿಲ್ಲದ ಆಸ್ಪಿರಿನ್ ಆದರೆ, ಐಬುಪ್ರೊಫೆನ್ ಅನ್ನು ಅದಾದ ಕನಿಷ್ಠ ಅರ್ಧ ಗಂಟೆಯ ನಂತರ ಅಥವಾ ಅದಕ್ಕಿಂತ ಎಂಟು ಗಂಟೆಗೂ ಹೆಚ್ಚು ಮೊದಲು ತೆಗೆದುಕೊಳ್ಳಬೇಕೆಂಬುದು ಅಮೆರಿಕದ ಔಷಧ ನಿಯಂತ್ರಕರ ಸಲಹೆ. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇವೆರಡನ್ನೂ ಬೆರೆಸದಿರುವುದೇ ಸರಿ.

ರಂಜಾನ್ ರೋಜಾ, ಏಕಾದಶಿ, ಶ್ರಾವಣದ ಉಪವಾಸಗಳಲ್ಲಿ ಪ್ರಶ್ನೆ ಬೇರೆ. ದಿನವಿಡೀ ನೀರಿಲ್ಲದ ದೇಹದಲ್ಲಿ ಉರಿಯೂತ ನಿವಾರಕಗಳು ಮೂತ್ರಪಿಂಡಕ್ಕೆ ಹೆಚ್ಚು ಭಾರ. ಬೇಸಿಗೆಯ ರೋಜಾದಲ್ಲಿ ಮೂಟೆ ಹೊರುವವರಲ್ಲಿ ಇದು ಇನ್ನೂ ಹೆಚ್ಚು. ಇಫ್ತಾರ್ ಊಟದ ನಂತರ ನೀರು ಸಾಕಷ್ಟು ಕುಡಿದು ತೆಗೆದುಕೊಳ್ಳುವುದು, ಬೆಳಗಿನ ಜಾವದ ಸಹರಿ ಊಟದ ಹೊತ್ತಿಗೆ ಬೇಕಾದರೆ ಪ್ಯಾರಾಸಿಟಮಾಲ್ ಆರಿಸುವುದು ಕಡಿಮೆ ಅಪಾಯದ ಕ್ರಮ. ಹಗಲು ಬಿಟ್ಟುಹೋದ ಡೋಸನ್ನು ಸಂಜೆಯದಕ್ಕೆ ಸೇರಿಸಿ ಇಮ್ಮಡಿ ನುಂಗಬಾರದು.

ಎಷ್ಟು ದಿನ ಎಂಬುದಕ್ಕೂ ಮೇರೆಯುಂಟು. ಜ್ವರ ಮೂರು ದಿನ ಮೀರಿದರೆ, ನೋವು ಹತ್ತು ದಿನ ಮೀರಿದರೆ ಸ್ವಯಂಚಿಕಿತ್ಸೆ ನಿಲ್ಲಬೇಕು. ತಲೆನೋವಿಗೆ ತಿಂಗಳಲ್ಲಿ 15 ದಿನ ಸಾಮಾನ್ಯ ಮಾತ್ರೆ ಅಥವಾ 10 ದಿನ ಬೆರಕೆ ಮಾತ್ರೆಯಂತೆ ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗಿದರೆ, ಮಾತ್ರೆಯಿಂದಲೇ ತಲೆನೋವು ಮರುಕಳಿಸುವ ಸ್ಥಿತಿ ಬರಬಹುದು.

ಯಾರು, ಯಾವಾಗ ಬಿಡಬೇಕು

ಡೆಂಗಿಯ ಶಂಕೆಯಿದ್ದಾಗ ಆಸ್ಪಿರಿನ್ ಆಗಲಿ ಇತರ ಉರಿಯೂತ ನಿವಾರಕಗಳಾಗಲಿ ಸಲ್ಲವು. ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮಳೆಗಾಲದ ಹೈದರಾಬಾದ್, ಬೆಂಗಳೂರುಗಳಲ್ಲಿ ಕಾರಣ ತಿಳಿಯದ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರವೇ ಸಲ್ಲುವುದು ಇದರಿಂದಾಗಿ. ಹೊಟ್ಟೆಹುಣ್ಣು ಇದ್ದವರು, ಮೂತ್ರಪಿಂಡ ಅಥವಾ ಹೃದಯ ದುರ್ಬಲವಿರುವವರು, ರಕ್ತ ತೆಳುಮಾಡುವ ಔಷಧಿ ಸೇವಿಸುವವರು, ಆಸ್ಪಿರಿನ್ನಿನಿಂದ ಉಬ್ಬಸ ಕೆರಳುವವರು ಉರಿಯೂತ ನಿವಾರಕಗಳಿಂದ ದೂರವಿರಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಉರಿಯೂತ ನಿವಾರಕ ಮೂರೂ ಕೂಡಿದರೆ ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು. ಗರ್ಭಿಣಿಯರಿಗೆ ಪ್ಯಾರಾಸಿಟಮಾಲ್ ವೈದ್ಯರ ಸಲಹೆಯಂತೆ ಬಳಕೆಯಲ್ಲಿದೆ; ಉರಿಯೂತ ನಿವಾರಕಗಳನ್ನು, ಅದರಲ್ಲೂ 20ನೆಯ ವಾರದ ನಂತರ, ತಾವಾಗಿ ತೆಗೆದುಕೊಳ್ಳಬಾರದು. ಎದೆನೋವು, ಕುತ್ತಿಗೆ ಬಿಗಿದ ಜ್ವರ, ಹಠಾತ್ತನೆ ಬಂದ ತೀವ್ರ ತಲೆನೋವು, ಹೊಟ್ಟೆ ಗಟ್ಟಿಯಾಗುವ ನೋವುಗಳಿಗೆ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳು

ಮಕ್ಕಳಿಗೆ ಡೋಸು ವಯಸ್ಸಿಗಿಂತ ತೂಕದ ಮೇಲೆ ನಿಲ್ಲುತ್ತದೆ: ಪ್ಯಾರಾಸಿಟಮಾಲ್ ಕಿಲೋಗೆ 10ರಿಂದ 15 ಮಿ.ಗ್ರಾಂ., ಅಂತರ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹತ್ತು ಕಿಲೋ ಮಗುವಿಗೆ 100ರಿಂದ 150 ಮಿ.ಗ್ರಾಂ. ಇಲ್ಲಿ ಎಡವುವುದು ಸೀಸೆಯ ಸಾಂದ್ರತೆಯಲ್ಲಿ. ಹನಿಗಳ ಸೀಸೆಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿ.ಗ್ರಾಂ. ಇರುತ್ತದೆ, ಸಿರಪ್ಪುಗಳಲ್ಲಿ 5 ಮಿಲಿಲೀಟರಿಗೆ ಸುಮಾರು 125 ಅಥವಾ 250. ಸಿರಪ್ಪಿನ ಲೆಕ್ಕದಲ್ಲಿ ಹನಿಗಳನ್ನು 5 ಮಿಲಿಲೀಟರ್ ಕುಡಿಸಿದರೆ ಮಗುವಿಗೆ 500 ಮಿ.ಗ್ರಾಂ. ಹೋದಂತೆ. ಅಡಿಗೆಮನೆಯ ಚಮಚದ ಬದಲು ಸೀಸೆಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸಿರಿಂಜ್ ಬಳಸಬೇಕು. ನಿದ್ದೆಮಾಡುತ್ತಿರುವ ಮಗುವನ್ನು ಜ್ವರದ ಔಷಧಿಗೆಂದೇ ಎಬ್ಬಿಸುವುದು ಸಾಮಾನ್ಯವಾಗಿ ಅನಗತ್ಯ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿಲ್ಲ, ವೈದ್ಯರೇ ನೋಡಬೇಕು. ಯಕೃತ್ತು ಮತ್ತು ಮಿದುಳನ್ನು ಬಾಧಿಸುವ ರೈ ರೋಗದ ಕಾರಣದಿಂದ ಮಕ್ಕಳಿಗೆ ಆಸ್ಪಿರಿನ್ ನಿಷಿದ್ಧ. ಬ್ರಿಟನ್ ಈ ನಿಷೇಧದ ವಯೋಮಿತಿಯನ್ನು 16 ವರ್ಷಕ್ಕೆ ಏರಿಸಿದೆ. ಉರಿಯೂತ ನಿವಾರಕವಾದ ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ 2011ರಲ್ಲಿ ನಿಷೇಧಿಸಿತು.

ಮಿತಿಮೀರಿದಾಗ

ಪ್ಯಾರಾಸಿಟಮಾಲ್ ಮಿತಿಮೀರಿದಾಗ ಮೊದಲ ದಿನ ವಾಕರಿಕೆ ಬಿಟ್ಟರೆ ಹೆಚ್ಚೇನೂ ಕಾಣದಿರಬಹುದು. ಅಷ್ಟರಲ್ಲಿ ಯಕೃತ್ತಿನಲ್ಲಿ ವಿಷವನ್ನು ತಡೆಯುವ ಗ್ಲುಟಥಯೋನ್ ದಾಸ್ತಾನು ಬರಿದಾಗಿ, ಔಷಧಿಯ ವಿಷಕಾರಿ ಉಪೋತ್ಪನ್ನ ಜೀವಕೋಶಗಳನ್ನು ಕೊಲ್ಲುತ್ತಿರುತ್ತದೆ. ಕಾಮಾಲೆ, ರಕ್ತಸ್ರಾವಗಳು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೌಷಧವನ್ನು ಎಂಟು ಗಂಟೆಯೊಳಗೆ ಕೊಟ್ಟರೆ ರಕ್ಷಣೆ ಹೆಚ್ಚು, ತಡವಾದರೂ ಪ್ರಯೋಜನವಿದೆ. ಆದ್ದರಿಂದ ಲಕ್ಷಣಗಳಿಗಾಗಿ ಕಾಯದೆ, ನುಂಗಿದ ಹೊತ್ತಿನ ವಿವರ ಮತ್ತು ಖಾಲಿ ಮಾತ್ರೆಪಟ್ಟಿಯೊಂದಿಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಉರಿಯೂತ ನಿವಾರಕ ತೆಗೆದುಕೊಂಡವರಲ್ಲಿ ಡಾಂಬರಿನಂಥ ಕಪ್ಪು ಮಲ, ಕಾಫಿ ಗಸಿಯಂಥ ವಾಂತಿ, ಮೂತ್ರ ಕಡಿಮೆಯಾಗುವುದು ಅಪಾಯದ ಗುರುತುಗಳು.

ಕಾನೂನು

ಭಾರತದಲ್ಲಿ ಚೀಟಿಯಿಲ್ಲದ ಔಷಧಿಗಳೆಂಬ ಪ್ರತ್ಯೇಕ ಕಾನೂನುಬದ್ಧ ವರ್ಗ ಬಹುಕಾಲ ಇಲ್ಲದೆಯೇ ವ್ಯವಹಾರ ನಡೆದಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳಡಿ, ಚೀಟಿ ಬೇಕಾದ ಅನುಸೂಚಿಗಳಲ್ಲಿ ಸೇರದಿರುವುದೇ ಚೀಟಿಯಿಲ್ಲದ್ದೆಂಬ ಅರ್ಥ. ‘ಕೆ’ ಅನುಸೂಚಿಯು ಪ್ಯಾರಾಸಿಟಮಾಲ್, ಆಸ್ಪಿರಿನ್ ಮಾತ್ರೆ ಮತ್ತು ನೋವಿನ ಬಾಮನ್ನು ಗೃಹೌಷಧಿಗಳೆಂದು ಗುರುತಿಸಿ, ಸಾವಿರ ಜನಸಂಖ್ಯೆ ಮೀರದ ಹಳ್ಳಿಗಳಲ್ಲಿ ಷರತ್ತಿನ ಮೇಲೆ ಪರವಾನಗಿಯಿಲ್ಲದೆ ಮಾರಲು ಬಿಡುತ್ತದೆ. ಬೇಗಂ ಬಜಾರಿನಂಥ ನಗರದ ಪೇಟೆಗೆ ಈ ವಿನಾಯಿತಿ ಅನ್ವಯಿಸದು. ಡೈಕ್ಲೊಫಿನ್ಯಾಕ್, ನಿಮೆಸುಲೈಡ್, ಮೆಫೆನಮಿಕ್ ಆಮ್ಲದ ಮಾತ್ರೆಗಳು ‘ಎಚ್’ ಅನುಸೂಚಿಯವು, ಅಂದರೆ ಚೀಟಿ ಕಡ್ಡಾಯ. ಆದರೂ ದೇಶದ ಎಷ್ಟೋ ಅಂಗಡಿಗಳಲ್ಲಿ ಇವು ಕೇಳಿದವರಿಗೆ ಸಿಗುತ್ತವೆ. ತೀವ್ರ ನೋವಿಗೆ ಕೊಡುವ ಟ್ರಮಡಾಲ್ 2018ರಿಂದ ಮಾದಕದ್ರವ್ಯ ಕಾಯ್ದೆಯ ಹತೋಟಿಯಲ್ಲಿದೆ.

ಬೆರಕೆ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಮೀರಬಾರದೆಂಬ ನಿರ್ಬಂಧ 2011ರದು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 328 ಬೆರಕೆ ಔಷಧಿಗಳನ್ನು ನಿಷೇಧಿಸಿತು. ಸಾರಿಡಾನ್ ಸುಪ್ರೀಂ ಕೋರ್ಟಿನ ಮೂಲಕ ಆ ಪಟ್ಟಿಯಿಂದ ಪಾರಾಯಿತು. ಮೆಫೆನಮಿಕ್ ಆಮ್ಲದಿಂದ ಚರ್ಮ ಮತ್ತು ಒಳ ಅಂಗಗಳಿಗೆ ತಟ್ಟುವ ಅಪರೂಪದ ತೀವ್ರ ಅಲರ್ಜಿಯ ಬಗ್ಗೆ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಹೊರಡಿಸಿತು.

ಇಂದಿನ ಸ್ಥಿತಿ

1961ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ಯಮ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್‌ನ (ಐಡಿಪಿಎಲ್) ಸಂಶ್ಲೇಷಿತ ಔಷಧಿ ಘಟಕ ಹೈದರಾಬಾದಿನ ಬಾಲಾನಗರದಲ್ಲಿ ನೆಲೆಗೊಂಡ ಮೇಲೆ ನಗರ ಔಷಧೋದ್ಯಮದ ಕೇಂದ್ರವಾಯಿತು. ಇಂದು ಹೈದರಾಬಾದಿನ ಗ್ರಾನ್ಯೂಲ್ಸ್ ಇಂಡಿಯಾ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ತಯಾರಿಸುವ ದೊಡ್ಡ ಕಂಪನಿಗಳಲ್ಲೊಂದು. ಪ್ಯಾರಾಸಿಟಮಾಲ್‌ನ ಕಚ್ಚಾವಸ್ತು ಪ್ಯಾರಾ ಅಮೈನೊಫಿನಾಲ್‌ಗೆ ಭಾರತ ಚೀನಾವನ್ನು ಬಹುವಾಗಿ ನೆಚ್ಚಿದೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೋ 650 ಕೋವಿಡ್ ವರ್ಷಗಳಲ್ಲಿ ಜ್ವರದ ಮಾತ್ರೆಗೆ ಪರ್ಯಾಯ ಹೆಸರೇ ಆಗಿಹೋಯಿತು.

ಅಂಗಡಿಯಲ್ಲಿ ಮಾತ್ರೆಪಟ್ಟಿಯನ್ನು ಕತ್ತರಿಸಿ ಎರಡು ಮೂರು ಮಾತ್ರೆ ಕೊಡುವ ಪದ್ಧತಿಯಿಂದ ಔಷಧಿಯ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಮುದ್ರಿಸಿದ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಪಟ್ಟಿಯ ಮೇಲಿನ ಬರಹವೂ ಹೆಚ್ಚಾಗಿ ಇಂಗ್ಲಿಷ್, ಕೆಲವೆಡೆ ಹಿಂದಿ. ಕನ್ನಡ ಅಥವಾ ತೆಲುಗು ಮಾತ್ರ ಓದಬಲ್ಲವರಿಗೆ ಅದರಿಂದ ನೆರವು ಕಡಿಮೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ನೋವು, ಜ್ವರದ ಬ್ರಾಂಡುಗಳಾದ ಡೋಲೋ, ಕ್ಯಾಲ್ಪಾಲ್, ಮೆಫ್ಟಾಲ್‌ಗಳು ಅವುಗಳಲ್ಲಿ ಸೇರಿವೆ. ಆ ಕೋಡಿನಲ್ಲಿ ಔಷಧಿಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿಯ ದಿನಾಂಕ, ಪರವಾನಗಿ ಸಂಖ್ಯೆಗಳು ಇರಬೇಕೆಂದು ನಿಯಮ ಹೇಳುತ್ತದೆ. ಡೋಸು, ಅಂತರ, ದಿನದ ಮಿತಿಗಳು ಕಡ್ಡಾಯ ವಿವರಗಳಲ್ಲಿ ಸೇರಿಲ್ಲ.